ವಿದೇಶದಲ್ಲಿ ನಿವೃತ್ತ ಜೀವನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಅಮೆರಿಕದ ಪೌರತ್ವ ಪಡೆದಿರುವ ಮಗ, ‘ಇಬ್ಬರೂ ಗ್ರೀನ್ ಕಾರ್ಡ್ ಮಾಡಿಸಿಕೊಂಡು ಇಲ್ಲೇ ಬಂದುಬಿಡ್ರಿ’ ಅನ್ನುತ್ತಿದ್ದಾನೆ. ಪಿಂಚಣಿ ಇದೆ, ಆರು ಎಕರೆ ಕಬ್ಬಿನ ಹೊಲ ಇದೆ. ಎಲ್ಲಿಂದ ಶುರು ಮಾಡಬೇಕು?
– ಓದುಗರು, ಮುಧೋಳ

ಉತ್ತರ: ದಾಖಲೆಗಳಲ್ಲಿರುವ ಹೆಸರುಗಳಿಂದ. ಮಗನಿಗೆ 21 ತುಂಬಿದ್ದು ಪೌರತ್ವವೂ ಇದ್ದರೆ ಹೆತ್ತವರಿಗೆ ವಾರ್ಷಿಕ ಮಿತಿಯ ಸರದಿ ಇಲ್ಲ. ಬರೀ ಗ್ರೀನ್ ಕಾರ್ಡ್ ಇರುವ ಮಕ್ಕಳು ಹೆತ್ತವರಿಗಾಗಿ ಅರ್ಜಿ ಹಾಕಲಾರರು. ನಿಮಗೊಂದು, ನಿಮ್ಮ ಮನೆಯವರಿಗೊಂದು ಪ್ರತ್ಯೇಕ ಐ-130 ಅರ್ಜಿಯನ್ನು ಮಗನೇ ಹಾಕಬೇಕು. ‘ಇವರು ನನ್ನ ಹೆತ್ತವರು’ ಎಂಬ ಪುರಾವೆಯೇ ಅದರ ಜೀವಾಳ. ನಮ್ಮ ಕಡೆಯ ಅರ್ಜಿಗಳು ಸಿಕ್ಕಿಬೀಳುವುದೂ ಅಲ್ಲೇ. ಶಾಲೆಯ ದಾಖಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಇನ್ನೊಂದು ತಾರೀಖು (ಎಷ್ಟು ಮಕ್ಕಳಿಗೆ ನೀವೇ ಜೂನ್ 1 ಬರೆದಿರುತ್ತೀರೋ!). ಮಗನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಬರೀ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಸಮೇತ. ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್ ಸರಿಮಾಡಿಸಿ, ನಂತರವೇ ಅರ್ಜಿ. ನಿಮ್ಮ ಜನನ ನೋಂದಣಿಯೇ ಆಗಿರದಿದ್ದರೆ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಪ್ರಮಾಣಪತ್ರ ಪಡೆದು, ಶಾಲೆಯ ದಾಖಲೆ ಮತ್ತು ಹಿರಿಯ ಬಂಧುಗಳ ಅಫಿಡವಿಟ್ ಜೋಡಿಸಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಕಚೇರಿಯಿಂದಲೇ ಸಿಗುತ್ತದೆ.

ಈಗ ಹೊಲದ ಮಾತು. ಇಲ್ಲಿದ್ದಾಗ ನಿಮ್ಮದಾದ ಜಮೀನು ಅನಿವಾಸಿಯಾದ ಮೇಲೂ ನಿಮ್ಮದೇ. ಆದರೆ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ, ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಹೊಲವನ್ನು ಲಾವಣಿ (ಗೇಣಿ) ಹಾಕಿ ಹೋಗುವ ಯೋಚನೆ ಇದ್ದರೆ ಎಚ್ಚರ: ನಮ್ಮ ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿದೆ. ಬಾಯಿಮಾತಿನ ಲಾವಣಿಯಲ್ಲಿ ತಕರಾರು ಎದ್ದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಂಬಿಕೆಯ ಒಬ್ಬರಿಗೆ ಮುಖ್ತ್ಯಾರ್‌ಪತ್ರ (ಪವರ್ ಆಫ್ ಅಟಾರ್ನಿ) ಬರೆದು ಇಲ್ಲಿಯೇ ನೋಂದಾಯಿಸಿ. ಉತಾರ, ಬೆಳೆಸಾಲ, ಕಾರ್ಖಾನೆಯ ಬಿಲ್ಲು, ಇಷ್ಟಕ್ಕೇ ಅಧಿಕಾರ ಕೊಡಿ, ಮಾರಾಟಕ್ಕೆ ಬೇಡ. ಅಲ್ಲಿಗೆ ಹೋದಮೇಲೆ ಬರೆದುಕೊಟ್ಟರೆ ಭಾರತೀಯ ಕಾನ್ಸುಲೇಟ್‌ನ ದೃಢೀಕರಣ ಬೇಕು, ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು.

ಪಿಂಚಣಿ ನಿಲ್ಲುವುದಿಲ್ಲ, ಜೀವಿತ ಪ್ರಮಾಣಪತ್ರ ತಪ್ಪಿದರೆ ಮಾತ್ರ ನಿಲ್ಲುತ್ತದೆ. ಭಾರತೀಯ ರಾಯಭಾರ ಕಚೇರಿಯಲ್ಲಿ ಅದನ್ನು ಪಡೆಯಬಹುದು. ನಿಮ್ಮ ಬ್ಯಾಂಕ್ ಯಾವ ನಮೂನೆ ಒಪ್ಪುತ್ತದೆ ಎಂದು ಹೊರಡುವ ಮೊದಲೇ ಬರಹದಲ್ಲಿ ಕೇಳಿ. ಒಟಿಪಿ ಬರುವ ಸಿಮ್ ಸಾಯದಂತೆ ರೀಚಾರ್ಜ್ ಮಾಡಿಸುತ್ತಿರಿ. ಗ್ರೀನ್ ಕಾರ್ಡ್ ಬಂದಮೇಲೆ ಇಲ್ಲಿಯ ಆದಾಯವನ್ನೂ ಅಲ್ಲಿಯ ತೆರಿಗೆ ವಿವರದಲ್ಲಿ ತೋರಿಸಬೇಕು. ಇಲ್ಲಿನ ಖಾತೆ, ಠೇವಣಿಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ, ವಿದೇಶಿ ಖಾತೆಗಳ ಬೇರೆ ವರದಿ ಅಲ್ಲಿ ಕಡ್ಡಾಯ.

ಆಸ್ಪತ್ರೆಯದೇ ದೊಡ್ಡ ಖರ್ಚು. 65 ದಾಟಿದವರೂ ಅಲ್ಲಿ 5 ವರ್ಷ ಸತತ ನೆಲೆಸುವವರೆಗೆ ಕಂತು ಕಟ್ಟಿಯೂ ಮೆಡಿಕೇರ್ (ಹಿರಿಯರಿಗಾಗಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಸೇರಲಾಗದು. ಅಲ್ಲಿಯವರೆಗೆ ಖಾಸಗಿ ವಿಮೆಯ ಕಂತು ಯಾರು ಕಟ್ಟುತ್ತಾರೆ ಎಂಬುದನ್ನು ಮಗನ ಜೊತೆ ಸಂಕೋಚವಿಲ್ಲದೆ ಮಾತಾಡಿ.

ಇನ್ನೊಂದು: ಗ್ರೀನ್ ಕಾರ್ಡ್ ಇಟ್ಟುಕೊಂಡು ಪ್ರತಿ ಹಂಗಾಮಿಗೂ ಮುಧೋಳಕ್ಕೆ ಬಂದು ಕೂರುವಂತಿಲ್ಲ. 6 ತಿಂಗಳು ಮೀರಿ ಹೊರಗಿದ್ದರೆ ವಾಪಸಾಗುವಾಗ ಪ್ರಶ್ನೆ ಏಳುತ್ತದೆ. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ಒಂದು ವರ್ಷ ಮೀರಿದರೆ ಆ ಕಾರ್ಡ್ ತೋರಿಸಿ ಒಳಹೋಗಲಾಗದು. ಕಬ್ಬಿನ ಕಟಾವಿಗೆ ನೀವೇ ಇರಬೇಕು ಅನ್ನುವುದಾದರೆ ನಮ್ಮ ಸಲಹೆ ಸಂದರ್ಶಕರ ವೀಸಾ. ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳು ಇರಲು ಬಿಡುತ್ತಾರೆ.

ಪ್ರಶ್ನೆ: ಮಗಳ ಬಳಿ ಕಾಯಂ ಹೋಗುತ್ತಿದ್ದೇವೆ. ಟಿಳಕವಾಡಿಯ ಹಳೆಯ ಮನೆಯನ್ನು ಹೋಗುವ ಮೊದಲು ಮಾರಬೇಕೋ, ಹೋದಮೇಲೋ?
– ಓದುಗರು, ಬೆಳಗಾವಿ

ಉತ್ತರ: ಮಾರುವುದು ಖಚಿತವಿದ್ದರೆ ಮೊದಲೇ. ನಿವಾಸಿಯ ಮನೆ ಕೊಳ್ಳುವವರು 50 ಲಕ್ಷ ಮತ್ತು ಮೇಲ್ಪಟ್ಟ ಬೆಲೆಗೆ ಕಡಿಯುವ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಶೇ 1. ನೀವು ಅನಿವಾಸಿಯಾದರೆ ದೀರ್ಘಾವಧಿ ಲಾಭದ ದರ ಶೇ 12.5, ಮೇಲೆ ಸೆಸ್, ಸರ್‌ಚಾರ್ಜ್. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರದಿದ್ದರೆ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೇ ಕಡಿಯುತ್ತಾರೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ ಲಾಭ ಲೆಕ್ಕ ಹಾಕುವುದು) ಸಹಿತ ಶೇ 20ರ ಲೆಕ್ಕ ಆರಿಸಿಕೊಳ್ಳುವ ಅವಕಾಶವೂ ನಿವಾಸಿಗಳಿಗೆ ಮಾತ್ರ.

ಹೋದಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಲೇಬೇಕು. ಅದರ ಬಡ್ಡಿಗೆ ಶೇ 30 ಮತ್ತು ಸೆಸ್ ಕಡಿತ. ಹಿರಿಯ ನಾಗರಿಕರು ‘ತೆರಿಗೆ ಕಡಿಯಬೇಡಿ’ ಎಂದು ಬ್ಯಾಂಕಿಗೆ ಕೊಡುವ ಸ್ವಯಂಘೋಷಣೆ ಅಲ್ಲಿ ನಡೆಯದು. ಪಿಪಿಎಫ್ ಅವಧಿ ಮುಗಿಯುವವರೆಗೆ ಮಾತ್ರ ಮುಂದುವರಿಯುತ್ತದೆ.

ಪ್ರಶ್ನೆ: ಥಾಯ್ಲೆಂಡ್‌ನಲ್ಲಿ 8 ಲಕ್ಷ ಬಾತ್ ಇಟ್ಟರೆ ಆಯುಷ್ಯವಿಡೀ ಇರಬಹುದಂತೆ, ನಿಜವೇ?
– ಓದುಗರು, ವಿಜಯಪುರ

ಉತ್ತರ: ಆಯುಷ್ಯವಿಡೀ ಅಲ್ಲ, ವರ್ಷಕ್ಕೊಮ್ಮೆ ವಾಸದ ಅವಧಿಯ ವಿಸ್ತರಣೆ. ವಯಸ್ಸು 50 ಆಗಿರಬೇಕು. 8 ಲಕ್ಷ ಬಾತ್ ಅಲ್ಲಿನ ಬ್ಯಾಂಕಿನಲ್ಲಿ ಅರ್ಜಿಗೆ 2 ತಿಂಗಳು ಮೊದಲಿನಿಂದ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ, ಅಷ್ಟು ಪಿಂಚಣಿ ಯಾರಿಗಿದೆ? 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು, ದುಡಿಯುವಂತಿಲ್ಲ. ಇಲ್ಲಿಂದ ಹಣ ಕಳಿಸುವಾಗ ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 20 ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಸಿಗುತ್ತದೆ, ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. 8 ಲಕ್ಷ ಬಾತ್ ಎಂದರೆ 20 ಲಕ್ಷ ರೂಪಾಯಿ ದಾಟುವುದರಿಂದ, ಎರಡು ಆರ್ಥಿಕ ವರ್ಷಗಳಲ್ಲಿ ಹಂಚಿ, ಮಾರ್ಚ್‌ನಲ್ಲೊಂದು ಕಂತು, ಏಪ್ರಿಲ್‌ನಲ್ಲೊಂದು ಕಂತು ಕಳಿಸಿದರೆ ಈ ಹೊರೆ ಬಹಳಷ್ಟು ತಗ್ಗುತ್ತದೆ.