19 ಸಲ ‘ಭಯಾನಕ’

ಪ್ರಿಯ ಲೇಖಕರೇ,

ನಮಸ್ಕಾರ. ‘ಕತ್ತಲೆಯ ಕಾರ್ಡುಗಳು’ ಎಂಬ ನಿಮ್ಮ ಲೇಖನ ತಲುಪಿದೆ, ಎರಡು ಸಲ ಓದಿದ್ದೂ ಆಗಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ಹಿಂದಿರುಗಿಸುವಂಥ ಲೇಖನವೂ ಇದಲ್ಲ. ಅದಕ್ಕೇ ಈ ಉದ್ದನೆಯ ಪತ್ರ. ಬೇಸರ ಮಾಡಿಕೊಳ್ಳದೆ ಓದಿ.

ನೀವು ಬರೆದಿರುವುದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಿನಾಟದ ಇನ್ನಿಸ್ಟ್ರಾಡ್ ಸೆಟ್ (ಒಟ್ಟಿಗೆ ಹೊರಬರುವ ಕಾರ್ಡುಗಳ ಗುಂಪು) ಬಗ್ಗೆ. 2011ರ ಸೆಪ್ಟೆಂಬರ್ ಕೊನೆಗೆ ಬಂದ ಸೆಟ್, 264 ಕಾರ್ಡು, ತೋಳಮಾನವರು, ರಕ್ತಪಿಶಾಚಿಗಳು, ಎದ್ದು ನಡೆಯುವ ಹೆಣಗಳು. ವಿಷಯ ಚೆನ್ನಾಗಿದೆ. ಆದರೆ ನಿಮ್ಮ 3,200 ಪದಗಳಲ್ಲಿ ‘ಭಯಾನಕ’ 19 ಸಲ ಬಂದಿದೆ, ‘ರೋಮಾಂಚಕ’ 8 ಸಲ, ‘ಮೈ ನವಿರೇಳಿಸುವ’ 6 ಸಲ. (ಕೊನೆಯ ಎರಡೂ ಒಂದೇ ಮಾತು, ಒಂದು ಸಂಸ್ಕೃತದ್ದು, ಇನ್ನೊಂದು ಕನ್ನಡದ್ದು.) ಕಾರ್ಡು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿರುವುದು ಮೂರೇ ಕಡೆ. ಆ ಮೂರರಲ್ಲಿ ಎರಡು ತಪ್ಪು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗಾಗಿದೆ.

ಮೊದಲ ನಾಲ್ಕು ಪ್ಯಾರಾ ಪೂರ್ತಿ ಚಿತ್ರಗಳ ವರ್ಣನೆ. ಬೆಳದಿಂಗಳು, ಮಂಜು, ಚರ್ಚಿನ ಗೋಪುರ. ಕಾರ್ಡಿನ ಚಿತ್ರವನ್ನು ಲೇಖನದ ಪಕ್ಕದಲ್ಲೇ ಹಾಕುತ್ತೇವೆ, ಓದುಗ ತಾನೇ ನೋಡಿಕೊಳ್ಳುತ್ತಾನೆ. ಅದಿರಲಿ, ಒಂದು ಸೆಟ್ಟನ್ನು ನಾಲ್ಕಾರು ಸಲ ಆಡಿದವರ ಕಣ್ಣು ಆಮೇಲೆ ಚಿತ್ರದ ಮೇಲೆ ನಿಲ್ಲುವುದೇ ಇಲ್ಲ. ಮನಾ (ಕಾರ್ಡು ಆಡಲು ತೆರಬೇಕಾದ ಶಕ್ತಿ) ಎಷ್ಟು, ಬಲ ಎಷ್ಟು, ಕೆಳಗೆ ಏನು ಬರೆದಿದೆ, ಇಷ್ಟೇ ಕಾಣುವುದು. ಅಷ್ಟಾದ ಮೇಲೂ ಈ ಸೆಟ್ ಹೆದರಿಸುತ್ತದೆ. ಯಾಕೆ ಎಂದು ಕೇಳಿಕೊಂಡು ಬರೆಯಲು ಕೂತಿದ್ದರೆ ನಿಮ್ಮ ಲೇಖನ ಬೇರೆಯೇ ಆಗುತ್ತಿತ್ತು.

ರೆಕ್‌ಲೆಸ್ ವೇಫ್ ಎಂಬ ಕಾರ್ಡನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಅದು ಒಂದು ಪಟ್ಟಿಯ ನಡುವೆ ಹೆಸರಾಗಿ ಬಂದು ಹೋಗಿದೆ. ಒಬ್ಬ ಹುಡುಗಿ, ಒಂದು ಕೆಂಪು ಮನಾ, 1/1 (ಮೊದಲ ಅಂಕಿ ಹೊಡೆಯುವ ಬಲ, ಎರಡನೆಯದು ತಾಳಿಕೊಳ್ಳುವ ಬಲ). ಪ್ರತಿ ಅಪ್‌ಕೀಪ್‌ನ (ಸರದಿಯ ಶುರುವಿನ ಒಂದು ಹಂತ) ಆರಂಭದಲ್ಲಿ ಹಿಂದಿನ ಸರದಿಯಲ್ಲಿ ಯಾರೂ ಒಂದೂ ಸ್ಪೆಲ್ (ಮನಾ ತೆತ್ತು ಆಡುವ ಕಾರ್ಡು) ಆಡಿರದಿದ್ದರೆ ಕಾರ್ಡು ಮಗುಚಿ 3/2 ತೋಳವಾಗುತ್ತದೆ. ಈಗ ಆಟವನ್ನು ಇಟ್ಟು ನೋಡಿ. ನೀವು ಮೊದಲು ಆಡುವವರು: ಲ್ಯಾಂಡ್ (ಮನಾ ಕೊಡುವ ಕಾರ್ಡು) ಇಟ್ಟು ವೇಫ್ ಆಡಿದಿರಿ. ಎದುರಾಳಿ ತನ್ನ ಮೊದಲ ಸರದಿಯಲ್ಲಿ ಲ್ಯಾಂಡ್ ಇಡುತ್ತಾನೆ, ಒಂದು ಮನಾದ ಸ್ಪೆಲ್ ಕೈಯಲ್ಲಿಲ್ಲ, ‘ಆಯ್ತು’ ಅನ್ನುತ್ತಾನೆ. ಲ್ಯಾಂಡ್ ಇಡುವುದು ಸ್ಪೆಲ್ ಅಲ್ಲ. ನಿಮ್ಮ ಎರಡನೇ ಸರದಿಯ ಅಪ್‌ಕೀಪ್‌ಗೆ ಹುಡುಗಿ ತೋಳವಾದಳು, ಆ ಸರದಿಯಲ್ಲೇ 3 ಡ್ಯಾಮೇಜ್. ವಾಪಸ್ ಮನುಷ್ಯಳಾಗಬೇಕಾದರೆ ಯಾರಾದರೂ ಒಬ್ಬರೇ ಒಂದು ಸರದಿಯಲ್ಲಿ ಎರಡು ಸ್ಪೆಲ್ ಆಡಬೇಕು. ಎದುರಾಳಿಯ ಹತ್ತಿರ ಇರುವುದು ಎರಡು ಲ್ಯಾಂಡ್. ಒಂದೊಂದು ಮನಾದ ಎರಡು ಸ್ಪೆಲ್ ಇಲ್ಲದಿದ್ದರೆ ಅವಳನ್ನು ವಾಪಸ್ ಮಗುಚಿಸಲು ಆತನಿಗೆ ಆಗುವುದಿಲ್ಲ.

ಊರಿನವರು ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಕೂತ ರಾತ್ರಿಯೇ ತೋಳ ಬರುತ್ತದೆ. ಆ ಕಥೆಯನ್ನು ಒಂದು ಚಿತ್ರವೂ ಇಲ್ಲದೆ ನಿಯಮವೇ ಹೇಳಿಬಿಟ್ಟಿದೆ. ನಿಮ್ಮ ಲೇಖನ ಈ ಸರದಿಯಿಂದಲೇ ಶುರುವಾಗಬೇಕು.

ಇನ್ನು ತಪ್ಪುಗಳು. ‘ಆಡುವವನು ತನ್ನ ಸರದಿಯಲ್ಲಿ ಸ್ಪೆಲ್ ಆಡದಿದ್ದರೆ ರಾತ್ರಿಯಾಗುತ್ತದೆ, ಎಲ್ಲ ತೋಳಗಳೂ ಒಟ್ಟಿಗೆ ಮಗುಚುತ್ತವೆ’ ಎಂದು ಬರೆದಿದ್ದೀರಿ. ಅದು 2021ರ ‘ಮಿಡ್‌ನೈಟ್ ಹಂಟ್’ ಸೆಟ್ಟಿನಲ್ಲಿ ಬಂದ ಡೇಬೌಂಡ್, ನೈಟ್‌ಬೌಂಡ್ ನಿಯಮ. 2011ರ ಕಾರ್ಡುಗಳಲ್ಲಿ ಹಗಲು, ರಾತ್ರಿ ಎಂಬುದೇ ಇಲ್ಲ. ಪ್ರತಿ ಕಾರ್ಡು ತನ್ನಷ್ಟಕ್ಕೆ ತಾನು ಅಪ್‌ಕೀಪ್‌ನಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತದೆ. ವ್ಯತ್ಯಾಸ ಸಣ್ಣದಲ್ಲ. ಹಳೆಯ ನಿಯಮದಲ್ಲಿ ಇಬ್ಬರ ಸ್ಪೆಲ್‌ಗಳೂ ಲೆಕ್ಕಕ್ಕೆ ಬರುತ್ತವೆ. ತೋಳದ ಡೆಕ್ (ಆಟಕ್ಕೆಂದು ಕಟ್ಟಿಕೊಂಡ ಕಾರ್ಡುಗಳ ಕಟ್ಟು) ಆಡುವವನು ಬೇಕೆಂದೇ ಏನೂ ಆಡದೆ ಸರದಿ ಬಿಟ್ಟುಕೊಟ್ಟರೆ, ಎದುರಾಳಿ ಆ ಸರದಿಯ ಕೊನೆಯಲ್ಲಿ ಒಂದು ಇನ್‌ಸ್ಟಂಟ್ (ಬೇರೆಯವರ ಸರದಿಯಲ್ಲೂ ಆಡಬಹುದಾದ ಸ್ಪೆಲ್) ಆಡಿ ಮಗುಚುವುದನ್ನು ತಪ್ಪಿಸಬಹುದು. ಹೊಸ ನಿಯಮದಲ್ಲಿ ಸರದಿ ಯಾರದೋ ಅವರ ಸ್ಪೆಲ್ ಮಾತ್ರ ಲೆಕ್ಕ, ಎದುರಾಳಿಯ ಇನ್‌ಸ್ಟಂಟ್‌ನಿಂದ ರಾತ್ರಿ ತಪ್ಪುವುದಿಲ್ಲ. ಪರೀಕ್ಷೆ ನಡೆಯುವುದೂ ಅಪ್‌ಕೀಪ್‌ಗಿಂತ ಮುಂಚಿನ ಅನ್‌ಟ್ಯಾಪ್ ಹಂತದಲ್ಲಿ, ಯಾರಿಗೂ ನಡುವೆ ಕೈ ಹಾಕಲು ಎಡೆಯಿಲ್ಲ. ಜೊತೆಗೆ ಹಗಲು ರಾತ್ರಿ ಒಮ್ಮೆ ಶುರುವಾದರೆ ಆಟ ಮುಗಿಯುವವರೆಗೂ ಬಿಡುವುದಿಲ್ಲ. ಮೇಜಿನ ಮೇಲಿನ ತೋಳಗಳೆಲ್ಲ ಸತ್ತು ಹೋದರೂ ಪ್ರತಿ ಸರದಿ ಎಷ್ಟು ಸ್ಪೆಲ್ ಆಯಿತೆಂದು ಎಣಿಸುತ್ತಿರಬೇಕು. ಆಟಗಾರರು ಆಗ ಗೊಣಗಿದ್ದು ಇದಕ್ಕೇ. ಎರಡೂ ಕಾಲದ ತೋಳಗಳು ಒಂದೇ ಮೇಜಿನಲ್ಲಿದ್ದರೆ ಒಂದು ಮಗುಚಿ ಇನ್ನೊಂದು ಹಾಗೇ ಇರುವುದೂ ಉಂಟು.

ಎರಡನೆಯ ತಪ್ಪು ‘ಎಂಡ್‌ಲೆಸ್ ರ‍್ಯಾಂಕ್ಸ್ ಆಫ್ ದಿ ಡೆಡ್’ ಬಗ್ಗೆ. ‘ಹೆಣಗಳ ಸಂಖ್ಯೆ ಪ್ರತಿ ಸರದಿ ದುಪ್ಪಟ್ಟಾಗುತ್ತದೆ’ ಅಂದಿದ್ದೀರಿ. ಇಲ್ಲ. ನಿಮ್ಮ ಅಪ್‌ಕೀಪ್‌ನಲ್ಲಿ ನಿಮ್ಮ ಬಳಿಯಿರುವ ಜಾಂಬಿಗಳ ಅರ್ಧದಷ್ಟು ಹೊಸ 2/2 ಜಾಂಬಿಗಳು ಬರುತ್ತವೆ, ಅರ್ಧ ಉಳಿದರೆ ಕೆಳಕ್ಕೆ. ಸೊನ್ನೆ ಇದ್ದರೆ ಸೊನ್ನೆ. ಒಂದೇ ಇದ್ದರೂ ಸೊನ್ನೆ. ನಾಲ್ಕು ಮನಾ ಸುರಿದು ಇದನ್ನು ಖಾಲಿ ಮೇಜಿನ ಮೇಲೆ ಇಟ್ಟವರು ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಎರಡು ಜಾಂಬಿ ಇದ್ದರೆ ಲೆಕ್ಕ ಹೀಗೆ: 2, 3, 4, 6, 9, 13. ಮೊದಮೊದಲು ‘ಇಷ್ಟೇನಾ’ ಅನ್ನಿಸುತ್ತದೆ, ಆಮೇಲೆ ತಡೆಯಲಾಗುವುದಿಲ್ಲ. ದುಪ್ಪಟ್ಟು ಎಂಬ ನಿಮ್ಮ ಉತ್ಪ್ರೇಕ್ಷೆಗಿಂತ ಈ ಅಂಕಿಗಳ ಸಾಲೇ ಹೆಚ್ಚು ಹೆದರಿಸುತ್ತದೆ. ಅದನ್ನೇ ಹಾಕಿ.

‘ಎಲ್ಲ ಬಣ್ಣದ ಜಾಂಬಿಗಳೂ ಒಂದೇ’ ಎಂಬ ಸಾಲನ್ನು ಹೊಡೆದು ಹಾಕಿ. ಕಪ್ಪು ಬಣ್ಣದ್ದು ಹಿಂಡು. ನೀಲಿಯದು ಹೊಲಿದು ಮಾಡಿದ್ದು, ಆಟದಲ್ಲಿ ಸ್ಕಾಬ್ ಅನ್ನುತ್ತಾರೆ. ಸ್ಟಿಚ್ಡ್ ಡ್ರೇಕ್ ನೋಡಿ: ಮೂರು ಮನಾಕ್ಕೆ 3/4, ಹಾರುತ್ತದೆ. ಇಷ್ಟು ಅಗ್ಗ ಯಾಕೆಂದರೆ ಮನಾದ ಜೊತೆಗೆ ನಿಮ್ಮ ಗ್ರೇವ್‌ಯಾರ್ಡ್‌ನಿಂದ (ಸತ್ತ, ಬಳಸಿ ಮುಗಿದ ಕಾರ್ಡುಗಳ ರಾಶಿ) ಒಂದು ಕ್ರೀಚರ್ (ಕಾದಾಡುವ ಜೀವಿ) ಕಾರ್ಡನ್ನು ಎಕ್ಸೈಲ್ ಮಾಡಬೇಕು, ಅಂದರೆ ಆಟದಿಂದ ಹೊರಗಿಡಬೇಕು. ಹೆಣವಿಲ್ಲದಿದ್ದರೆ ಹೊಲಿಯುವುದೇನನ್ನು? ಕಾರ್ಡು ಕೈಯಲ್ಲೇ ಕೊಳೆಯುತ್ತದೆ. ಮೇಕ್‌ಶಿಫ್ಟ್ ಮೌಲರ್‌ಗೂ (ನಾಲ್ಕು ಮನಾ, 4/5) ಇದೇ ಷರತ್ತು. 40 ಕಾರ್ಡಿನ ಡ್ರಾಫ್ಟ್ (ಪ್ಯಾಕ್ ಒಡೆದು, ಸುತ್ತ ಕೂತವರು ಒಂದೊಂದೇ ಕಾರ್ಡು ಆರಿಸಿಕೊಳ್ಳುವ ಆಟ) ಡೆಕ್‌ನಲ್ಲಿ ಇಂಥವನ್ನು ಐದಾರು ತುಂಬಿದರೆ ಒಂದೇ ಹೆಣಕ್ಕೆ ಅವು ಕಿತ್ತಾಡುತ್ತವೆ. ಎರಡು ಮೂರು ಸಾಕು. ಅವುಗಳಿಗೆ ಹೆಣ ಒದಗಿಸಲು ಆರ್ಮರ್ಡ್ ಸ್ಕಾಬ್ (ಬಂದೊಡನೆ ಲೈಬ್ರರಿಯ, ಅಂದರೆ ಇನ್ನೂ ಎಳೆಯದ ಕಾರ್ಡುಗಳ ಕಟ್ಟಿನ, ಮೇಲಿನ ನಾಲ್ಕು ಕಾರ್ಡು ಗ್ರೇವ್‌ಯಾರ್ಡ್‌ಗೆ), ಡಿರೇಂಜ್ಡ್ ಅಸಿಸ್ಟಂಟ್ (ಟ್ಯಾಪ್ ಮಾಡಿದಾಗ, ಅಂದರೆ ಅಡ್ಡ ತಿರುಗಿಸಿದಾಗ, ಒಂದು ಮನಾ, ಒಂದು ಕಾರ್ಡು ಗ್ರೇವ್‌ಯಾರ್ಡ್‌ಗೆ) ಬೇಕು. ಸಹಾಯಕ ಹೆಣ ತಂದು ಕೊಡುತ್ತಾನೆ, ಯಜಮಾನ ಹೊಲಿಯುತ್ತಾನೆ. ಡೆಕ್ ಕಟ್ಟುವ ಕೆಲಸವೂ ಇಲ್ಲಿ ಕಥೆಯೇ.

ಹೊಲಿದ ಹೆಣದ ಮುಂದೆ ‘ಭಯಾನಕ’ ಹಾಕಬೇಡಿ. ನಮ್ಮ ಕಾವ್ಯಮೀಮಾಂಸೆಯಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಒಂದಕ್ಕೆ ಭಯ ಸ್ಥಾಯಿ, ಇನ್ನೊಂದಕ್ಕೆ ಜುಗುಪ್ಸೆ. ಸ್ಕಾಬ್‌ಗಳು ಬೀಭತ್ಸ. ವೇಫ್ ಮಗುಚುತ್ತದೋ ಇಲ್ಲವೋ ಎಂದು ಕಾಯುವುದು ಭಯಾನಕ. ಈ ಭೇದವನ್ನು ಇಟ್ಟುಕೊಂಡು ಕಾರ್ಡುಗಳನ್ನು ಬೇರ್ಪಡಿಸಿ ನೋಡಿ, 19ರಲ್ಲಿ ಹದಿನೇಳಾದರೂ ತಾವಾಗಿಯೇ ಉದುರುತ್ತವೆ.

ನಿಮ್ಮ ಅತ್ಯುತ್ತಮ ಪ್ಯಾರಾ ಹತ್ತನೆಯದು: ಸ್ಲೀವ್‌ನಿಂದ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಚೀಲ) ಕಾರ್ಡು ಎಳೆದು, ತಿರುಗಿಸಿ, ಮತ್ತೆ ತೂರಿಸುವ ಭಾಗ. ಅಲ್ಲಿ ಒಂದೂ ಗುಣವಿಶೇಷಣವಿಲ್ಲ, ಕೈ ಮಾತ್ರ ಇದೆ. ಅದನ್ನು ಬೆಳೆಸಿ. ಆ ಸೆಟ್ಟಿನಲ್ಲಿ ಎರಡು ಮುಖದ ಕಾರ್ಡುಗಳು 20. ಎಲ್ಲ ಕಾರ್ಡಿಗೂ ಇರುವ ಮಾಮೂಲಿ ಹಿಂಬದಿ ಇಲ್ಲದ ಕಾರಣ ಸ್ಲೀವ್ ಇಲ್ಲದೆ ಡೆಕ್‌ಗೆ ಹಾಕಿದರೆ ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ಬೆಳಕು ಹಾಯದ ಸ್ಲೀವ್ ಬೇಕು. ಆದರೆ ಪ್ರತಿ ಆಟದಲ್ಲಿ ಎಳೆದು ತೂರಿಸಿದರೆ ಆ ಒಂದು ಸ್ಲೀವ್‌ನ ಬಾಯಿ ಮಾತ್ರ ಸಡಿಲವಾಗಿ, ಮೂಲೆ ಸೀಳಿ, ಡೆಕ್‌ನಲ್ಲಿ ಅದೇ ಗುರುತಾಗುತ್ತದೆ. ಟೂರ್ನಮೆಂಟಿನಲ್ಲಿ ಗುರುತಿರುವ ಕಾರ್ಡಿಗೆ ದಂಡನೆ ಇದೆ. ಅದಕ್ಕೇ ಚೆಕ್‌ಲಿಸ್ಟ್ ಕಾರ್ಡು ಬಂತು: ಪಟ್ಟಿಯಲ್ಲಿ ಬೇಕಾದ ಹೆಸರಿಗೆ ಗುರುತು ಹಾಕಿ ಡೆಕ್‌ನಲ್ಲಿ ಅದನ್ನಿಟ್ಟು, ನಿಜವಾದ ಕಾರ್ಡನ್ನು ಪಾರದರ್ಶಕ ಸ್ಲೀವ್‌ನಲ್ಲಿ ಪಕ್ಕಕ್ಕಿಟ್ಟುಕೊಳ್ಳುವುದು. ನಿಜವಾದ ಕಾರ್ಡನ್ನು ಮನೆಯಲ್ಲಿ ಮರೆತು ಬಂದರೆ ಚೆಕ್‌ಲಿಸ್ಟ್ ಒಂದೇ ನಡೆಯುವುದಿಲ್ಲ, ಇದನ್ನು ಬರೆಯಿರಿ. ಡ್ರಾಫ್ಟ್‌ನಲ್ಲಿ ಆ ಸೆಟ್ಟಿನ ಪ್ರತಿ ಪ್ಯಾಕ್‌ನಲ್ಲೂ ಎರಡು ಮುಖದ ಒಂದು ಕಾರ್ಡು ಇರುವುದರಿಂದ, ನೀವು ಅದನ್ನು ಆರಿಸಿಕೊಂಡರೆ ಪಕ್ಕದವರಿಗೆ ಕಾಣುತ್ತದೆ ಎಂಬುದನ್ನೂ ಸೇರಿಸಿ. ಅಂದಹಾಗೆ, ಆ ಕಾರ್ಡೂ ರೇರ್ (ಕಡಿಮೆ ಅಚ್ಚಾಗುವ ಅಪರೂಪದ ಕಾರ್ಡು) ಆಗಿರಬಹುದು. ಹಾಗಾಗಿ ‘ಪ್ಯಾಕಿಗೊಂದೇ ರೇರ್’ ಎಂಬ ನಿಮ್ಮ ಅಡಿಬರಹ ಸರಿಯಲ್ಲ.

ಇದೇ ಇನ್ನಿಸ್ಟ್ರಾಡ್ ಲೋಕದ 2016ರ ಎರಡು ಸೆಟ್‌ಗಳನ್ನು ನೀವು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಅದು ನನಗೆ ಅರ್ಥವಾಗಲಿಲ್ಲ. ‘ಎಲ್ಡ್ರಿಚ್ ಮೂನ್’ನಲ್ಲಿ ಎರಡು ಕಾರ್ಡುಗಳು ಸೇರಿ, ಅವುಗಳ ಹಿಂಬದಿಗಳು ಜೋಡಿಯಾಗಿ ಒಂದೇ ದೊಡ್ಡ ಕಾರ್ಡಾಗುವ ಮೆಲ್ಡ್ ಇದೆ, ಇಡೀ ಸೆಟ್ಟಿನಲ್ಲಿ ಮೂರೇ ಜೋಡಿ. ಬ್ರೂನಾ, ಗಿಸೆಲಾ ಎಂಬ ಇಬ್ಬರು ದೇವತೆಯರು ಕೂಡಿ ಬ್ರಿಸೆಲಾ ಎಂಬ ಒಂದೇ ಮೈಯಾಗುತ್ತಾರೆ. ಅದೇ ಸೆಟ್ಟಿನ ಎಮ್ರಾಕುಲ್: 13 ಮನಾ, 13/13, ನಿಮ್ಮ ಗ್ರೇವ್‌ಯಾರ್ಡ್‌ನಲ್ಲಿ ಎಷ್ಟು ಬಗೆಯ ಕಾರ್ಡುಗಳಿವೆಯೋ ಅಷ್ಟು ಮನಾ ಕಡಿಮೆ. ಅದನ್ನು ಆಡಿದೊಡನೆ ಎದುರಾಳಿಯ ಮುಂದಿನ ಸರದಿಯನ್ನು ನೀವು ಆಡುತ್ತೀರಿ. ಅವನ ಕೈಯಲ್ಲಿರುವುದನ್ನೆಲ್ಲ ನೋಡಿ, ಅವನ ಸ್ಪೆಲ್‌ನಿಂದ ಅವನದೇ ಕ್ರೀಚರ್‌ಗಳನ್ನು ಕೊಲ್ಲಿಸಬಹುದು. ಆ ಸರದಿಯಾದ ಮೇಲೆ ಅವನಿಗೆ ಇನ್ನೊಂದು ಸರದಿ ಸಿಗುತ್ತದೆ, ಆದರೆ ಆಡಲು ಹೆಚ್ಚೇನೂ ಉಳಿದಿರದಿರಬಹುದು. ತನ್ನ ಕೈ ತನ್ನ ಮಾತು ಕೇಳದಿರುವುದಕ್ಕಿಂತ ದೊಡ್ಡ ಭಯ ಈ ಆಟದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 2017ರ ಜನವರಿಯಲ್ಲಿ ಸ್ಟ್ಯಾಂಡರ್ಡ್‌ನಿಂದ (ಇತ್ತೀಚಿನ ಸೆಟ್‌ಗಳನ್ನಷ್ಟೇ ಬಳಸುವ ಆಟದ ಬಗೆ) ಎಮ್ರಾಕುಲನ್ನು ನಿಷೇಧಿಸಿದರು.

ಕೊನೆಯ ಭಾಗದಲ್ಲಿ 2024ರ ‘ಡಸ್ಕ್‌ಮೋರ್ನ್’ ಸೆಟ್ಟಿನ ಮೇಲೆ ಹರಿಹಾಯ್ದಿದ್ದೀರಿ. ಹರಿಹಾಯಿರಿ, ಬೇಡ ಅನ್ನುವುದಿಲ್ಲ. ಆದರೆ ಆಧಾರವಾಗಿ ಕೊಟ್ಟಿರುವುದು ಮತ್ತೆ ಚಿತ್ರಗಳನ್ನೇ: ಟಿವಿ, ಶೂ, ಅಂಗಿ. ಕಾರ್ಡು ಆಡಿ ನೋಡಿದ ಗುರುತಿಲ್ಲ. ಮ್ಯಾನಿಫೆಸ್ಟ್ ಡ್ರೆಡ್ ಎಂಬ ನಿಯಮವಿದೆ. ಲೈಬ್ರರಿಯ ಮೇಲಿನ ಎರಡು ಕಾರ್ಡು ನೋಡಿ, ಒಂದನ್ನು ಮುಖ ಕೆಳಗೆ ಮಾಡಿ 2/2 ಆಗಿ ಇಡುತ್ತೀರಿ, ಇನ್ನೊಂದು ಗ್ರೇವ್‌ಯಾರ್ಡ್‌ಗೆ. ಬಿಸಾಡಿದ ಕಾರ್ಡು ಎದುರಾಳಿಗೆ ಕಾಣುತ್ತದೆ, ಉಳಿಸಿಕೊಂಡದ್ದು ಕಾಣುವುದಿಲ್ಲ. ಒಳ್ಳೆಯ ಕ್ರೀಚರ್ ಒಂದನ್ನು ಗ್ರೇವ್‌ಯಾರ್ಡ್‌ಗೆ ಹಾಕಿದಿರಿ ಎಂದರೆ ಅವನ ತಲೆಯಲ್ಲಿ ಹುಳ ಬಿಟ್ಟ ಹಾಗೆ: ಇದಕ್ಕಿಂತ ಒಳ್ಳೆಯದು ಕೆಳಗಿದೆಯೇ, ಅಥವಾ ಬರೀ ಲ್ಯಾಂಡೇ? ಮುಖ ಕೆಳಗಿರುವುದು ಕ್ರೀಚರ್ ಆದರೆ ಅದರ ಮನಾ ಕೊಟ್ಟು ಯಾವಾಗ ಬೇಕಾದರೂ ತಿರುಗಿಸಬಹುದು. ಇಂಥ ಕಾರ್ಡು ಎರಡು ಮೂರು ಆದಾಗ ಯಾವುದು ಮೊದಲು ಬಂದದ್ದು ಎಂದು ಬೇರೆ ಬೇರೆಯಾಗಿ ಇಡಬೇಕು, ಆಟ ಮುಗಿದಾಗ ಎಲ್ಲವನ್ನೂ ತೆರೆದು ತೋರಿಸಲೇಬೇಕು. ಇದೆಲ್ಲ ಬರೆದ ಮೇಲೂ ‘ಭಯ ಸತ್ತಿದೆ’ ಅನ್ನಿಸಿದರೆ ಬರೆಯಿರಿ, ಅಚ್ಚು ಹಾಕುತ್ತೇವೆ.

‘ಭಯಾನಕ ವಿಷಯದ ಮೊದಲ ಸೆಟ್’ ಎಂಬ ಶೀರ್ಷಿಕೆಯ ಕೆಳಗಿನ ಸಾಲು ಬೇಡ. 1994ರಲ್ಲೇ ‘ದಿ ಡಾರ್ಕ್’ ಬಂದಿತ್ತು, 119 ಕಾರ್ಡು. ಅದು ಹಾರರ್ ಅನ್ನುವುದಕ್ಕಿಂತ ಕ್ರೌರ್ಯದ ಸೆಟ್ ಎಂದು ವಾದಿಸಬಹುದು, ಆದರೆ ವಾದಿಸಬೇಕಾದ ಮಾತನ್ನು ಶೀರ್ಷಿಕೆಯಲ್ಲಿ ಹಾಕಬಾರದು.

ಭಾಷೆಯ ಬಗ್ಗೆ ಎರಡೇ ಮಾತು. ‘ತೋಳಮಾನವ’ ಚೆನ್ನಾಗಿದೆ, ಇರಲಿ. ಆದರೆ ಗ್ರೇವ್‌ಯಾರ್ಡ್‌ಗೆ ‘ರುದ್ರಭೂಮಿ’, ಟ್ಯಾಪ್ ಮಾಡುವುದಕ್ಕೆ ‘ತಟ್ಟುವುದು’ ಎಂದರೆ ಆಡುವವರಿಗೂ ತಿಳಿಯದು, ಆಡದವರಿಗೂ ತಿಳಿಯದು. ಮೇಜಿನ ಸುತ್ತ ಕೂತವರು ಅನ್ನುವ ಹಾಗೇ ಬರೆದು, ಮೊದಲ ಸಲ ಬಂದಾಗ ಅರ್ಧ ಸಾಲಿನಲ್ಲಿ ವಿವರಿಸಿ: ‘ಟ್ಯಾಪ್, ಅಂದರೆ ಬಳಸಿದ ಕಾರ್ಡನ್ನು ಅಡ್ಡ ತಿರುಗಿಸುವುದು’. ಕಾರ್ಡಿನ ಹೆಸರನ್ನು ಅನುವಾದಿಸಬೇಡಿ, ಹುಡುಕುವವರಿಗೆ ಸಿಗುವುದಿಲ್ಲ. ಬೆಲೆಯ ಭವಿಷ್ಯ ಹೇಳುವ ಪೆಟ್ಟಿಗೆಯನ್ನು ಪೂರ್ತಿ ತೆಗೆಯಿರಿ.

ಪರಿಷ್ಕರಿಸಿದ ಪ್ರತಿ 1,600 ಪದ ಮೀರದಿರಲಿ. ಹೆಚ್ಚೆಂದರೆ ಆರು ಕಾರ್ಡು. ಪ್ರತಿಯೊಂದರ ಬಗ್ಗೆ ಬರೆಯುವ ಮುನ್ನ ಕಾರ್ಡಿನ ಮೇಲಿನ ಅಕ್ಷರಗಳನ್ನಷ್ಟೇ ನಂಬದೆ, ಕಂಪನಿಯ ಗ್ಯಾದರರ್ ತಾಣದಲ್ಲಿರುವ ಈಗಿನ ಪಠ್ಯದೊಡನೆ ಹೋಲಿಸಿ. ಹಳೆಯ ಕಾರ್ಡುಗಳ ಮಾತು ಕಾಲಕಾಲಕ್ಕೆ ತಿದ್ದಿರುತ್ತಾರೆ. ಲೇಖನದ ಜೊತೆಗೆ ಆ ಆರು ಕಾರ್ಡುಗಳ ಹೆಸರು, ಸೆಟ್, ವರ್ಷ ಬರೆದ ಒಂದು ಹಾಳೆ ಬೇರೆಯಾಗಿ ಕಳಿಸಿ. ವೇಫ್‌ನ ಎರಡೂ ಮುಖಗಳು ಕಾಣುವ ಚಿತ್ರ ಬೇಕು, ಸ್ಲೀವ್‌ನಿಂದ ಹೊರಗೆ ತೆಗೆದು, ಹೊಳಪು ಬೀಳದ ಹಾಗೆ ತೆಗೆದದ್ದು.

ವಿಶ್ವಾಸದಿಂದ,
ಸಂಪಾದಕ