ಓಡುವಾಗ ಅದು ಮನೆಯಲ್ಲ: ಆರ್‌ವಿ ಪ್ರಯಾಣದ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆಯಲ್ಲಿ ಊರಿಂದ ಅಪ್ಪ, ಅಮ್ಮ ಬಂದಾಗ ಮೋಟಾರ್‌ಹೋಮ್ (ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ಗಾಡಿ) ಬಾಡಿಗೆಗೆ ಹಿಡಿದು ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೊರಡುವ ಅಮೆರಿಕದ ಕನ್ನಡ ಕುಟುಂಬಗಳ ಪತ್ರಗಳು ಈ ಸಲ ಹೆಚ್ಚಾಗಿವೆ. ಇವರಲ್ಲಿ ಹೆಚ್ಚಿನವರು ಹಿಡಿಯುವುದು ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ, ಚಾಲಕನ ತಲೆಯ ಮೇಲೆ ಅಟ್ಟದ ಹಾಸಿಗೆ ಇರುವ ಕ್ಲಾಸ್ ಸಿ ಗಾಡಿ. ಉತ್ತರಗಳೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕೊನೆಯ ಪ್ರಶ್ನೆ ಮಾತ್ರ ಹುಬ್ಬಳ್ಳಿಯದು.

ಪ್ರಶ್ನೆ: ನಾವಿಬ್ಬರು, ಅತ್ತೆ, ಮಾವ, 3 ಮತ್ತು 7 ವರ್ಷದ ಮಕ್ಕಳು. ಬಾಡಿಗೆ ಗಾಡಿಯ ವಿವರದಲ್ಲಿ "ಏಳು ಜನ ಮಲಗಬಹುದು" ಎಂದಿದೆ. ಯಾರನ್ನು ಎಲ್ಲಿ ಕೂರಿಸಬೇಕು? ಮಕ್ಕಳು ಮೇಲಿನ ಹಾಸಿಗೆಯಲ್ಲಿ ಮಲಗಿಕೊಂಡು ಬರಬಹುದೇ?
(ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಗಾಡಿ ಓಡುವಾಗ ಹಾಸಿಗೆಯಲ್ಲಿ ಯಾರೂ ಇರಕೂಡದು. ಅಟ್ಟದ ಹಾಸಿಗೆಯಲ್ಲಂತೂ ಖಂಡಿತ ಬೇಡ. ಜೋರಾಗಿ ಬ್ರೇಕ್ ಬಿದ್ದರೆ ಅಲ್ಲಿರುವ ಮಗು ನೇರವಾಗಿ ಮುಂದಿನ ಕಿಟಕಿಗೋ ಗೋಡೆಗೋ ಹೋಗಿ ಬಡಿಯುತ್ತದೆ.

ಎಷ್ಟು ಜನ ಮಲಗಬಹುದು ಎಂಬುದಕ್ಕೂ ಎಷ್ಟು ಜನ ಪ್ರಯಾಣಿಸಬಹುದು ಎಂಬುದಕ್ಕೂ ಸಂಬಂಧವಿಲ್ಲ. ಬಾಗಿಲ ಬಳಿ ಅಂಟಿಸಿರುವ ಭಾರದ ಲೇಬಲ್ಲಿನಲ್ಲಿ ಸೀಟ್ ಬೆಲ್ಟ್ ಇರುವ ಆಸನಗಳ ಸಂಖ್ಯೆಯನ್ನೂ ಮುದ್ರಿಸಿರುತ್ತಾರೆ. ಅದರ ಫೋಟೊ ಕಳಿಸುವಂತೆ ಮುಂಗಡ ಕೊಡುವ ಮೊದಲೇ ಬಾಡಿಗೆಯವರನ್ನು ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಊಟದ ಮೇಜಿನ ಬೆಂಚುಗಳಲ್ಲಿ ಮುಂದಕ್ಕೆ ಮುಖ ಮಾಡಿದ್ದು ಯಾವುದು, ಅದಕ್ಕೆ ಭುಜದ ಪಟ್ಟಿಯೂ ಇದೆಯೇ, ಸೊಂಟದ ಪಟ್ಟಿ ಮಾತ್ರವೇ?

ಮಕ್ಕಳ ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿದ ಆಸನದಲ್ಲಿ ಮಾತ್ರ ಕಟ್ಟಬೇಕು. ಪಕ್ಕಕ್ಕೆ ತಿರುಗಿದ ಸೋಫಾದಲ್ಲಾಗಲಿ, ಹಿಂದಕ್ಕೆ ಮುಖ ಮಾಡಿದ ಬೆಂಚಿನಲ್ಲಾಗಲಿ ಕಟ್ಟಬಾರದು. ಇಷ್ಟು ಭಾರದ ಗಾಡಿಗೆ ಲ್ಯಾಚ್ ಕೊಂಡಿಗಳು (ಬೆಲ್ಟ್ ಇಲ್ಲದೆ ಕಾರ್ ಸೀಟನ್ನು ನೇರ ಸಿಗಿಸುವ ಕೊಂಡಿಗಳು) ಕಾನೂನಿನಲ್ಲಿ ಕಡ್ಡಾಯವಲ್ಲ, ಹಾಗಾಗಿ ಇದ್ದೇ ಇರುತ್ತವೆ ಎಂದು ನಂಬಬೇಡಿ. ನಿಮ್ಮ 3 ವರ್ಷದ ಮಗುವಿಗೆ ಐದು ಪಟ್ಟಿಯ ಹಾರ್ನೆಸ್ ಇರುವ ಸೀಟನ್ನು ಸೊಂಟದ ಪಟ್ಟಿಯಿಂದ ಬಿಗಿದರೆ ಸಾಕಾಗುತ್ತದೆ. ಸೀಟಿನ ಮೇಲ್ಭಾಗವನ್ನು ಹಿಂದಕ್ಕೆ ಬಿಗಿಯುವ ಟೆದರ್ ಪಟ್ಟಿಯ ಕೊಕ್ಕೆ ಸಿಗಿಸಲು ಜಾಗವಿದ್ದರೆ ಇನ್ನೂ ಒಳ್ಳೆಯದು. ತೊಡಕಾಗುವುದು 7 ವರ್ಷದ ಮಗುವಿನದು. ಮಗುವನ್ನು ಎತ್ತರಿಸಿ ಗಾಡಿಯ ಬೆಲ್ಟನ್ನೇ ಹಾಕುವ ಬೂಸ್ಟರ್ ಸೀಟಿಗೆ ಭುಜದ ಪಟ್ಟಿ ಇರಲೇಬೇಕು. ಬರೀ ಸೊಂಟದ ಪಟ್ಟಿಯಲ್ಲಿ ಬೂಸ್ಟರ್ ಬಳಸಿದರೆ ಡಿಕ್ಕಿಯ ಹೊತ್ತಿನಲ್ಲಿ ಮಗುವಿನ ಮೇಲ್ಭಾಗ ಪೂರ್ತಿ ಮುಂದಕ್ಕೆ ಮಡಚಿ, ಹೊಟ್ಟೆಗೂ ಬೆನ್ನುಮೂಳೆಗೂ ಪೆಟ್ಟಾಗುತ್ತದೆ. ಭುಜದ ಪಟ್ಟಿ ಇಲ್ಲದ ಗಾಡಿಯಾದರೆ 65 ಪೌಂಡ್‌ವರೆಗೆ ಹಾರ್ನೆಸ್ ತಾಳುವ ಸೀಟು ತನ್ನಿ.

ಗಾಡಿ ಕೈಗೆ ಬಂದ ದಿನ ಬೆಂಚಿನ ಮೆತ್ತೆ ಎತ್ತಿ ನೋಡಿ. ಬೆಲ್ಟಿನ ಬೋಲ್ಟು ಉಕ್ಕಿನ ಚೌಕಟ್ಟಿಗೆ ಇಳಿದಿರಬೇಕು, ಪ್ಲೈವುಡ್ಡಿಗಲ್ಲ. ಮಕ್ಕಳು ಕೂರುವ ಬೆಂಚಿನ ಮುಂದಿನ ಮೇಜನ್ನು ಕಳಚಿ ಕಟ್ಟಿಡಿ, ಅದರ ಅಂಚು ಮಗುವಿನ ಮುಖದ ಎತ್ತರಕ್ಕೇ ಇರುತ್ತದೆ. ದಪ್ಪ ಜಾಕೆಟ್ಟಿನ ಮೇಲೆ ಹಾರ್ನೆಸ್ ಹಾಕಬೇಡಿ. ಸೀರೆ ಉಟ್ಟವರು ಬೆಲ್ಟ್ ಹಾಕುವಾಗ ನೆರಿಗೆ ಗುಪ್ಪೆಯಾಗಿ ಪಟ್ಟಿ ಸಡಿಲ ಉಳಿಯುತ್ತದೆ. ಕೂತ ಮೇಲೆ ನೆರಿಗೆ ಸರಿಪಡಿಸಿ, ಪಟ್ಟಿಯನ್ನು ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಬರುವಂತೆ ಎಳೆದು ಬಿಗಿ ಮಾಡಿ.

ಇಷ್ಟಾದರೂ ನಮ್ಮ ಖಚಿತ ಸಲಹೆ ಬೇರೆಯೇ ಇದೆ. ಮನೆಯ ಕಾರನ್ನೂ ಜೊತೆಗೆ ಒಯ್ಯಿರಿ. ಮಕ್ಕಳೂ ಹಿರಿಯರೂ ಕಾರಿನಲ್ಲಿ ಬರಲಿ, ಮೋಟಾರ್‌ಹೋಮನ್ನು ಒಬ್ಬರು ಓಡಿಸಲಿ. ಪೆಟ್ರೋಲು ಖರ್ಚು ಹೆಚ್ಚಾಗುತ್ತದೆ, ನಿಜ. ಆದರೆ ಕಾರಿನ ಹಿಂದಿನ ಸೀಟು ಕೊಡುವ ರಕ್ಷಣೆಯನ್ನು ಯಾವ ಊಟದ ಬೆಂಚೂ ಕೊಡಲಾರದು. ಮೋಂಟಾನಾದ ಗ್ಲೇಶಿಯರ್ ಉದ್ಯಾನಕ್ಕೆ ಹೋಗುವವರಿಗಂತೂ ಕಾರು ಬೇಕೇ ಬೇಕು. ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆಯ ಘಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ.

ಪ್ರಶ್ನೆ: ಒಗ್ಗರಣೆ ಹಾಕಿದರೆ ಸಾಕು, ಅಲಾರಂ ಹೊಡೆದುಕೊಳ್ಳುತ್ತದಂತೆ. ಬ್ಯಾಟರಿ ತೆಗೆದಿಟ್ಟು ಅಡುಗೆ ಮಾಡಿ ಎಂದು ಸ್ನೇಹಿತರು ಹೇಳಿದರು. ಸರಿಯೇ?
(ಬೆಲ್‌ವ್ಯೂ, ವಾಷಿಂಗ್ಟನ್)

ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ತೆಗೆದ ಬ್ಯಾಟರಿ ರಾತ್ರಿ ಮಲಗುವ ಹೊತ್ತಿಗೂ ಹೊರಗೇ ಉಳಿದುಬಿಡುತ್ತದೆ.

ಗಾಡಿಯಲ್ಲಿ ಮೂರು ಬಗೆಯ ಎಚ್ಚರಿಕೆ ಇರುತ್ತದೆ. ಚಾವಣಿಯಲ್ಲಿರುವುದು ಹೊಗೆಯದು. ನೆಲದ ಹತ್ತಿರ ಇರುವುದು ಪ್ರೊಪೇನ್ ಅನಿಲದ್ದು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಮಡುಗಟ್ಟುತ್ತದೆ. ಮೂರನೆಯದು ಕಾರ್ಬನ್ ಮಾನಾಕ್ಸೈಡಿನದು. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಾಮಾನ್ಯವಾಗಿ ಮೂರು ಬೀಪ್, ನಡುವೆ ಬಿಡುವು ಎಂದರೆ ಹೊಗೆ. ನಾಲ್ಕು ಬೀಪ್, ನಡುವೆ ಬಿಡುವು ಎಂದರೆ ಕಾರ್ಬನ್ ಮಾನಾಕ್ಸೈಡ್. ನಿಮಿಷಕ್ಕೊಮ್ಮೆ ಒಂದೇ ಚಿಲಿಪಿಲಿ ಎಂದರೆ ಬ್ಯಾಟರಿ ಕುಂದಿದೆ, ಇಲ್ಲವೇ ಸಾಧನದ ಆಯಸ್ಸು ಮುಗಿದಿದೆ. ಹಿಂಬದಿಯಲ್ಲಿ ತಯಾರಾದ ತಾರೀಕೋ ಬದಲಿಸಬೇಕಾದ ತಾರೀಕೋ ಇರುತ್ತದೆ. ಗಾಡಿ ಪಡೆಯುವಾಗಲೇ ಅದನ್ನು ಓದಿ, ಪರೀಕ್ಷಾ ಗುಂಡಿ ಒತ್ತಿ ನೋಡಿ.

ಒಗ್ಗರಣೆಗೆ ಕೂಗುವುದು ಹೆಚ್ಚಾಗಿ ಹೊಗೆಯ ಅಲಾರಂ. ಅದಕ್ಕೆ ದಾರಿ ಗಾಳಿ. ಒಲೆಯ ಮೇಲಿನ ಫ್ಯಾನಿನ ಹೊರಬಾಯಿಗೆ ಗಾಡಿಯ ಹೊರಗೋಡೆಯಲ್ಲಿ ಒಂದು ಮುಚ್ಚಳವಿರುತ್ತದೆ. ಪ್ರಯಾಣದಲ್ಲಿ ಬಡಿಯದಿರಲಿ ಎಂದು ಅದಕ್ಕೆ ಚಿಲಕ ಹಾಕಿರುತ್ತಾರೆ. ಅನೇಕರು ಅದನ್ನು ಬಿಡಿಸುವುದೇ ಇಲ್ಲ, ಹಾಗಾಗಿ ಫ್ಯಾನು ಎಷ್ಟು ತಿರುಗಿದರೂ ಹೊಗೆ ಒಳಗೇ ಸುತ್ತುತ್ತದೆ. ಚಿಲಕ ಬಿಡಿಸಿ, ಚಾವಣಿಯ ಗವಾಕ್ಷಿ ತೆರೆದು, ಎದುರಿನ ಒಂದು ಕಿಟಕಿ ಅರ್ಧ ತೆಗೆದ ಮೇಲೆ ಒಲೆ ಹಚ್ಚಿ. ಒಣಮೆಣಸಿನಕಾಯಿ ಹುರಿಯುವುದು, ಮೀನು ಕರಿಯುವುದು ಇದ್ದರೆ ಹೊರಗಿನ ಮೇಜಿನ ಮೇಲೆ ಕ್ಯಾಂಪ್ ಸ್ಟವ್ ಇಡಿ.

ನಿಜವಾದ ಅಪಾಯ ಜನರೇಟರಿನದು. ಅದರ ಹೊಗೆ ಗಾಡಿಯ ಅಡಿಯಲ್ಲಿ ಬರುತ್ತದೆ. ಪಕ್ಕದಲ್ಲಿ ಗೋಡೆ, ದಿಬ್ಬ, ಎತ್ತರದ ಹುಲ್ಲು, ಹಿಮ ಇದ್ದರೆ ಹೊಗೆ ಚದುರದೆ ಕಿಟಕಿಯಿಂದ ಒಳಗೆ ಬರುತ್ತದೆ. ಮಲಗುವಾಗ ಜನರೇಟರ್ ನಿಲ್ಲಿಸಿ. ಪಕ್ಕದ ಗಾಡಿಯವರು ತಮ್ಮದನ್ನು ಓಡಿಸುತ್ತಿದ್ದರೆ ಆ ಕಡೆಯ ಕಿಟಕಿ ಮುಚ್ಚಿ. ಚಳಿ ಎಂದು ಒಲೆ ಉರಿಸಿ ಮೈ ಕಾಯಿಸಿಕೊಳ್ಳಬೇಡಿ, ಹೀಟರ್ ಇರುವುದು ಅದಕ್ಕೇ.

ಇನ್ನೊಂದು ಮಾತು. ಯೆಲ್ಲೊಸ್ಟೋನ್ ಸರೋವರ ಸಮುದ್ರಮಟ್ಟದಿಂದ ಸುಮಾರು 7,700 ಅಡಿ ಎತ್ತರದಲ್ಲಿದೆ. ಅಲ್ಲಿ ಮೊದಲ ರಾತ್ರಿ ತಲೆನೋವು, ವಾಕರಿಕೆ, ಸುಸ್ತು ಬಂದರೆ ಎತ್ತರದ ಪರಿಣಾಮ ಎಂದುಕೊಂಡು ಮಲಗಿಬಿಡುತ್ತಾರೆ. ಕಾರ್ಬನ್ ಮಾನಾಕ್ಸೈಡಿನ ಲಕ್ಷಣವೂ ಇದೇ. ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ಹೀಗಾದರೆ, ಹೊರಗೆ ಹೋದ ಕೂಡಲೇ ಹಗುರವೆನಿಸಿದರೆ, ಅಲಾರಂ ಕೂಗದಿದ್ದರೂ ಅನಿಲವೆಂದೇ ತಿಳಿಯಿರಿ. ಎಲ್ಲರನ್ನೂ ಹೊರಗೆ ಕರೆತಂದು, ತಲೆ ಎಣಿಸಿ, 911ಕ್ಕೆ ಫೋನ್ ಮಾಡಿ. ಶಾಲು, ಪರ್ಸು ಎಂದು ಯಾರೂ ಮತ್ತೆ ಒಳಗೆ ಹೋಗಬಾರದು.

ಪ್ರಶ್ನೆ: ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಆರ್‌ವಿಯಲ್ಲಿ ಹೇಗೆ?
(ಪ್ಲೇನೊ, ಟೆಕ್ಸಸ್)

ಉತ್ತರ: ಜಾಗವೇ ಮೊದಲ ಮದ್ದು. ಚಾಲಕನ ಪಕ್ಕದ ಸೀಟು ಅಮ್ಮನದಾಗಲಿ. ಅಲ್ಲಿ ರಸ್ತೆ ಕಾಣುತ್ತದೆ, ಕಣ್ಣಿಗೂ ಕಿವಿಯ ಒಳಭಾಗಕ್ಕೂ ಸಿಗುವ ಸುದ್ದಿ ಒಂದೇ ಆಗಿರುತ್ತದೆ. ಹಿಂದಕ್ಕೆ ಮುಖ ಮಾಡಿದ ಬೆಂಚೂ ಬೇಡ, ಪಕ್ಕಕ್ಕೆ ತಿರುಗಿದ ಸೋಫಾವೂ ಬೇಡ. ಹಿಂದಿನ ಅಚ್ಚಿನಿಂದಾಚೆ ಗಾಡಿ ಬಹಳ ಉದ್ದ ಚಾಚಿಕೊಂಡಿರುತ್ತದೆ, ಹಾಗಾಗಿ ಹಿಂದೆ ಹೋದಷ್ಟೂ ಕುಲುಕಾಟ ಹೆಚ್ಚು. ಗಂಟೆಗೆ 55ರಿಂದ 60 ಮೈಲಿ ಸಾಕು. ಇಳಿಜಾರಿನಲ್ಲಿ ಟೋ-ಹಾಲ್ ಗುಂಡಿ (ಭಾರದ ಗಾಡಿಗೆ ತಕ್ಕಂತೆ ಗೇರು ಹೊಂದಿಸುವ ಗುಂಡಿ) ಒತ್ತಿ ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕಿನ ಎಳೆದಾಟ ತಪ್ಪುತ್ತದೆ, ಬ್ರೇಕೂ ಬಿಸಿಯಾಗುವುದಿಲ್ಲ.

ಹೊರಡುವ ಮುನ್ನ ಖಾಲಿ ಹೊಟ್ಟೆಯೂ ಬೇಡ, ಭರ್ತಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಮಾತ್ರೆಯ ವಿಷಯದಲ್ಲಿ ಎಚ್ಚರ. ಇಲ್ಲಿ ಅಂಗಡಿಯಲ್ಲೇ ಸಿಗುವ ಮೆಕ್ಲಿಝಿನ್, ಊರಿಂದ ತಂದ ಸಿನ್ನಾರಿಝಿನ್ ಎರಡೂ ಮಂಪರು ತರುತ್ತವೆ, ಹಿರಿಯರು ಮೆಟ್ಟಿಲಿಳಿಯುವಾಗ ಬೀಳಬಹುದು. ಎರಡನ್ನೂ ಒಟ್ಟಿಗೆ ಕೊಡಬೇಡಿ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಊರು ಬಿಡುವ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಅಪ್ಪನಿಗೆ 78 ವರ್ಷ, ಸಕ್ಕರೆ ಕಾಯಿಲೆ. ಗಾಡಿಯಲ್ಲೇ ಶೌಚಾಲಯ ಇರುವುದರಿಂದ ಅನುಕೂಲ ಅಲ್ಲವೇ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ನಿಂತಾಗ ಮಾತ್ರ. ಓಡುವ ಗಾಡಿಯಲ್ಲಿ ಎದ್ದು ನಡೆದು ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸುವುದೆಂದು ಮೊದಲೇ ತೀರ್ಮಾನಿಸಿ, "ಕೇಳಲು ಸಂಕೋಚ" ಎನ್ನುವ ಮಾತೇ ಬರಬಾರದು. ಇಳಿದು ಐದು ನಿಮಿಷ ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತದೆ. ಭಾರತದಿಂದ ವಿಮಾನದಲ್ಲಿ ಬಂದ ಮೊದಲ ವಾರದಲ್ಲಿ ಇದು ಮುಖ್ಯ.

ಮಲಗಲು ಹಿಂದಿನ ಹಾಸಿಗೆ ಕೊಡಿ, ಎರಡೂ ಬದಿಯಿಂದ ಇಳಿಯಲು ಬರುವಂಥ ನಕ್ಷೆಯ ಗಾಡಿಯನ್ನೇ ಆರಿಸಿ. ಮೂಲೆಗೆ ಒತ್ತಿದ ಹಾಸಿಗೆಯಾದರೆ ರಾತ್ರಿ ಒಬ್ಬರು ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ, ಬಾಗಿಲ ಮೆಟ್ಟಿಲ ಕೆಳಗೆ ಅಗಲವಾದ, ಜಾರದ ಮಣೆ ಇರಲಿ. ಕೆಂಪು ಹಿಡಿಕೆಯ ಕಿಟಕಿಯೇ ತುರ್ತು ಬಾಗಿಲು. ಅದನ್ನು ತೆರೆದು ತೋರಿಸಿ. ಇನ್ಸುಲಿನ್ ಇದ್ದರೆ ಗಾಡಿಯ ಫ್ರಿಜ್ಜನ್ನು ಪೂರ್ತಿ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಅನಿಲದಿಂದ ನಡೆಯುವ ಫ್ರಿಜ್ಜು ಗಾಡಿ ಓರೆಯಾಗಿ ನಿಂತರೆ ಸರಿಯಾಗಿ ತಣ್ಣಗಾಗುವುದಿಲ್ಲ.

ಪ್ರಶ್ನೆ: ನಾವು ಆರು ಜನ ದೊಡ್ಡವರು, ಊರಿಂದ ಬಂದವರ ಸೂಟ್‌ಕೇಸುಗಳೇ ಎಂಟಿವೆ. ಗಾಡಿ ದೊಡ್ಡದು, ಜಾಗವೂ ಇದೆ. ತೊಂದರೆ ಏನು?
(ನೇಪರ್‌ವಿಲ್, ಇಲಿನಾಯ್)

ಉತ್ತರ: ಜಾಗವಿದ್ದ ಮಾತ್ರಕ್ಕೆ ಭಾರಕ್ಕೆ ಅವಕಾಶವಿದೆ ಎಂದಲ್ಲ. ಮೊದಲು ಹೇಳಿದ ಲೇಬಲ್ಲಿನಲ್ಲಿ ಜನ ಮತ್ತು ಸಾಮಾನು ಸೇರಿ ಮೀರಬಾರದ ತೂಕವೂ ಇರುತ್ತದೆ. ಉದಾಹರಣೆಗೆ 1,650 ಪೌಂಡ್, ಅಂದರೆ 748 ಕೆಜಿ ಎಂದಿದೆ ಎನ್ನಿ. ತಲಾ 70 ಕೆಜಿಯಂತೆ ಆರು ಜನ 420 ಕೆಜಿ. ನೀರಿನ ತೊಟ್ಟಿಯ 40 ಗ್ಯಾಲನ್ ಸುಮಾರು 150 ಕೆಜಿ. ಉಳಿದದ್ದು 178. ತಲಾ 23 ಕೆಜಿಯ ಎಂಟು ಸೂಟ್‌ಕೇಸಿಗೆ 184 ಕೆಜಿ. ಅಕ್ಕಿ, ಕುಕ್ಕರ್, ಕುರ್ಚಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಆಗಲೇ ಮಿತಿ ದಾಟಿತು. ನಲ್ಲಿ ಸಂಪರ್ಕ ಇರುವ ಕ್ಯಾಂಪಿಗೆ ಹೋಗುವುದಾದರೆ ದಾರಿಗೆ ಕಾಲು ತೊಟ್ಟಿ ನೀರು ಸಾಕು. ಪ್ರತಿಯೊಬ್ಬರಿಗೂ ಒಂದು ಮೆದು ಚೀಲ, ಸೂಟ್‌ಕೇಸುಗಳು ಮನೆಯಲ್ಲಿರಲಿ. ಸಂದೇಹವಿದ್ದರೆ ಟ್ರಕ್ ಸ್ಟಾಪಿನ ತೂಕದ ಸೇತುವೆಯಲ್ಲಿ ಎಲ್ಲರೂ ಕೂತೇ ತೂಗಿಸಿ. ಈ ಚಾಸಿಯ ಒಟ್ಟು ಮಿತಿ ಸಾಮಾನ್ಯವಾಗಿ 14,500 ಪೌಂಡ್.

ಭಾರ ಮೀರಿದಾಗ ಮೊದಲು ಸೋಲುವುದು ಟೈರು. ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಹೊಸದಾಗಿ ಕಂಡರೂ ಏಳು ವರ್ಷ ದಾಟಿದ್ದರೆ ಬೇರೆ ಗಾಡಿ ಕೇಳಿ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಫಲಕದಲ್ಲಿರುವಷ್ಟೇ ಹಿಡಿಸಿ. ಹಿಂದಿನ ಜೋಡಿ ಚಕ್ರದ ಒಳಗಿನದಕ್ಕೆ ಕೈ ಎಟುಕದು ಎಂದು ಬಿಟ್ಟುಬಿಡುತ್ತಾರೆ. ಅದು ಮೆತ್ತಗಾದರೆ ಹೊರಗಿನ ಟೈರಿನ ಮೇಲೆ ಎರಡರ ಭಾರವೂ ಬಿದ್ದು, ಕಾದು ಸಿಡಿಯುತ್ತದೆ.

ಸ್ಟೀಲ್ ಡಬ್ಬಿ, ತವಾ, ಕುಕ್ಕರ್ ಮೇಲಿನ ಕಪಾಟಿನಲ್ಲಿ ಇಡಬೇಡಿ, ಬೆಂಚಿನ ಅಡಿಯಲ್ಲಿ ಇಡಿ.

ಪ್ರಶ್ನೆ: ಹಿಂದೆ ಕೂತವರಿಗೆ ಎಸಿ ತಲುಪುವುದಿಲ್ಲವಂತೆ.
(ಫೀನಿಕ್ಸ್, ಅರಿಝೋನಾ)

ಉತ್ತರ: ನಿಮ್ಮೂರಿನ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡಿನ ಎಸಿ ಸಾಲದು. ಓಡುವಾಗ ಜನರೇಟರ್ ಹಚ್ಚಿ ಚಾವಣಿಯ ಎಸಿ ನಡೆಸಬಹುದು, ಆದರೆ ಕಿಟಕಿಗಳೆಲ್ಲ ಮುಚ್ಚಿರಲಿ. ಹಿಂದಿನ ಕಿಟಕಿ ತೆರೆದಿದ್ದರೆ ಗಾಡಿಯ ಬೆನ್ನಿಗೆ ಸುಳಿಯುವ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಕ್ಯಾಂಪಿನ 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು 3,600 ವಾಟ್. ಎಸಿ, ಮೈಕ್ರೋವೇವ್, ನೀರಿನ ಕೆಟಲ್ ತಲಾ 1,500ರ ಆಸುಪಾಸು, ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ.

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರನ್ನು ಕ್ಯಾರವಾನ್ ಮಾಡಿಸುತ್ತಿದ್ದೇವೆ. ಮನೆಯ 14.2 ಕೆಜಿ ಸಿಲಿಂಡರನ್ನೇ ಹಿಂದೆ ಕಟ್ಟಿ ಅಡುಗೆ ಮಾಡಬಹುದೇ?
(ಹುಬ್ಬಳ್ಳಿ)

ಉತ್ತರ: ಮಾಡಬೇಡಿ. ಆ ಸಿಲಿಂಡರ್, ರೆಗ್ಯುಲೇಟರ್, ರಬ್ಬರ್ ಕೊಳವೆ ನಿಂತ ಅಡುಗೆಮನೆಗಾಗಿ ಮಾಡಿದವು. ರಸ್ತೆಯ ಅದುರಾಟಕ್ಕೆ ಕೊಳವೆಯ ಕುತ್ತಿಗೆ ಸಡಿಲವಾಗುತ್ತದೆ, ಸೋರಿದ ಅನಿಲ ನೆಲದಲ್ಲಿ ತುಂಬಿ ನಿಲ್ಲುತ್ತದೆ.

ಇಂಡಕ್ಷನ್ ಒಲೆ ಇಟ್ಟುಕೊಳ್ಳಿ. 1,500 ವಾಟಿನ ಒಲೆ ಅರ್ಧ ಗಂಟೆ ಉರಿದರೆ 750 ವಾಟ್-ಗಂಟೆ, ಇನ್ವರ್ಟರಿನ ನಷ್ಟ ಸೇರಿ ಸುಮಾರು 850. 12.8 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ. ಲೆಕ್ಕಕ್ಕೆ ಸಾಕು ಎನಿಸಿದರೂ ಒಲೆ ಎಳೆಯುವ ಕರೆಂಟು ಸುಮಾರು 130 ಆಂಪಿಯರ್. ಒಂದೇ ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕೀಟು ಹೆಚ್ಚಾಗಿ 100ಕ್ಕೇ ಕಡಿದುಬಿಡುತ್ತದೆ. ಆದ್ದರಿಂದ 24 ವೋಲ್ಟಿನ ವ್ಯವಸ್ಥೆ ಮಾಡಿಸಿ, ಕರೆಂಟು ಅರ್ಧಕ್ಕಿಳಿಯುತ್ತದೆ. ಫ್ಯೂಸು ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಇರಬೇಕು. ಬ್ಯಾಟರಿಯನ್ನು ಪಟ್ಟಿಯಿಂದಲ್ಲ, ನೆಲದ ಉಕ್ಕಿಗೆ ಬೋಲ್ಟಿನಿಂದ ಬಿಗಿಸಿ.

ಸೀಟುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ: ಕಂಪನಿ ಹಾಕಿದ, ಮುಂದಕ್ಕೆ ಮುಖ ಮಾಡಿದ ಸೀಟುಗಳಲ್ಲಿ ಪ್ರಯಾಣಿಕರಿಗೆ ಬೇಕಾದಷ್ಟನ್ನು ಅವುಗಳ ಮೂಲ ಬೋಲ್ಟಿನಲ್ಲೇ ಉಳಿಸಿ. ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ, ವಾಹನದ ರೂಪ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಆರ್‌ಟಿಒ ಒಪ್ಪಿಗೆ ಕೈಗೆ ಬರುವವರೆಗೆ ಗ್ಯಾರೇಜಿನವರು ಗಾಡಿಯ ಒಂದು ತಗಡನ್ನೂ ಕತ್ತರಿಸದಿರಲಿ.