‘ಒಂದೇ ಬೇರು’: ಈಗಿರುವಂತೆ ಹಾಕಲಾರೆವು

ಪ್ರಿಯರೇ,

ನಿಮ್ಮ ‘ಒಂದೇ ಬೇರು’ ಕಥೆ ಶಿರಸಿಗೆ ತಲುಪಿತು. ಅಂಕೋಲೆ ಕಡೆಯ ಒಂದು ಮನೆ. ಅಣ್ಣನಿಗೆ ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ), ತಂಗಿಗೆ ಸ್ಕಿಜೋಫ್ರೇನಿಯಾ (ಭ್ರಮೆ ಕಾಡುವ ಮನೋರೋಗ). ಜಾತಕ ಕೂಡಿದ ಮೇಲೂ ಅವರ ಕಿರಿಯ ತಮ್ಮನ ಮದುವೆ ಸಂಬಂಧ ಮುರಿಯುವ ಭಾಗ ಗಟ್ಟಿಯಾಗಿದೆ, ಅದನ್ನು ಮುಟ್ಟಬೇಡಿ. ಕೆಟ್ಟಿರುವುದು ವಿಜ್ಞಾನದ ನಡುಭಾಗ.

“ಎರಡಕ್ಕೂ ಒಂದೇ ಜೀನ್ ಕಾರಣ, ಮಕ್ಕಳಲ್ಲಿ ನೂರಕ್ಕೆ 68 ಮಂದಿಗೆ ಬರುತ್ತದೆ” ಎಂದಿದ್ದೀರಿ. ಆ 68 ಎಲ್ಲಿಂದ ಬಂತೆಂದು ಗೊತ್ತಾಯಿತು. 2013ರ ಅಂತಾರಾಷ್ಟ್ರೀಯ ಅಧ್ಯಯನವೊಂದು ಈ ಎರಡು ಕಾಯಿಲೆಗಳ ವಂಶವಾಹಿ (ಜೀನ್) ಸಹಸಂಬಂಧ 0.68 ಎಂದಿತ್ತು. ಅದು ತಲೆ ಎಣಿಕೆಯಲ್ಲ. ಒಂದರ ಅಪಾಯ ಹೆಚ್ಚಿಸುವ ಡಿಎನ್‌ಎ ವ್ಯತ್ಯಾಸಗಳು ಬಹುಪಾಲು ಇನ್ನೊಂದರದ್ದನ್ನೂ ಹೆಚ್ಚಿಸುತ್ತವೆ ಎಂದಷ್ಟೇ ಅರ್ಥ. ಇಂಥ ವ್ಯತ್ಯಾಸಗಳು ಸಾವಿರಾರು, ಒಂದೊಂದರ ಪಾಲು ತೀರಾ ಚಿಕ್ಕದು. ಹೆಸರು ಬೇಕಿದ್ದರೆ ನರಕೋಶಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲನ್ನು ರೂಪಿಸುವ ಸಿಎಸಿಎನ್‌ಎ1ಸಿ ಜೀನ್ ಹಾಕಿ. “ಕಾರಣ” ಎನ್ನಬೇಡಿ, “ಅಪಾಯ ತುಸು ಏರಿಸುತ್ತದೆ” ಎನ್ನಿ. ಎಲ್ಲ ವ್ಯತ್ಯಾಸವೂ ಎರಡು ಕಾಯಿಲೆಗೂ ಸೇರಿದ್ದಲ್ಲ ಎಂಬುದೂ ಬರಲಿ: ಜೀನ್‌ಗಳನ್ನು ಹೊತ್ತ 22ನೇ ಕ್ರೋಮೋಸೋಮಿನ ಒಂದು ತುಂಡು ಕಳಚಿದವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಬಹಳ ಏರುತ್ತದೆ, ಬೈಪೋಲಾರ್‌ಗೆ ಅಷ್ಟು ಗಟ್ಟಿ ನಂಟು ಕಂಡಿಲ್ಲ.

ಓದುಗರು ಕೇಳುವುದು ಬೇರೆ ಅಂಕಿ. ಸ್ಕಿಜೋಫ್ರೇನಿಯಾ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಹತ್ತರ ಆಸುಪಾಸು. ಅಂದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ಹುಡುಗಿ ಕಡೆಯವರ ಬಾಯಲ್ಲಿ 68 ಹೇಳಿಸುವುದಿದ್ದರೆ ಹೇಳಿಸಿ, ತಪ್ಪು ಅವರದಾಗಲಿ, ನಿಮ್ಮದಾಗಬಾರದು.

“ಅಡಿಕೆಗೆ ಕೊಳೆ ಹಬ್ಬಿದ ಹಾಗೆ” ಎಂಬ ಹೋಲಿಕೆ ತೆಗೆಯಿರಿ. ಕೊಳೆರೋಗ ಮಳೆಹನಿಯ ಜೊತೆ ಗೊನೆಯಿಂದ ಗೊನೆಗೆ ಹಾರುತ್ತದೆ, ಈ ಮನೆಯವರ ಕಾಯಿಲೆಗಳು ಅಂಟುರೋಗವಲ್ಲ. ತಾಯಿಯ ಸಾಕಣೆಯನ್ನು ದೂರುವ ಪ್ಯಾರಾವೂ ನಿಲ್ಲದು. 20 ಲಕ್ಷಕ್ಕೂ ಹೆಚ್ಚು ಕುಟುಂಬಗಳ 2009ರ ಸ್ವೀಡನ್ ಅಧ್ಯಯನದಲ್ಲಿ, ಹೆತ್ತವರಿಗೆ ಒಂದು ಕಾಯಿಲೆ ಇದ್ದಾಗ ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದ ಮಕ್ಕಳಲ್ಲೂ ಇನ್ನೊಂದರ ಅಪಾಯ ಹೆಚ್ಚಿತ್ತು.

ಕೊನೆಯಲ್ಲಿ ಹುಬ್ಬಳ್ಳಿಯ ಲ್ಯಾಬಿನ ರಕ್ತಪರೀಕ್ಷೆ “ಬೈಪೋಲಾರ್” ಎಂದು ವರದಿ ಕೊಡುತ್ತದೆ. ಅಂಥ ಪರೀಕ್ಷೆ ಇಲ್ಲ. ವೈದ್ಯರು ಲಕ್ಷಣ, ನಿದ್ದೆ, ಉನ್ಮಾದದ ದಿನಗಳು, ಮನೆಯವರ ಮಾತು ನೋಡಿ ನಿರ್ಧರಿಸುತ್ತಾರೆ. ಅಣ್ಣ ವಾರಗಟ್ಟಲೆ ನಿದ್ದೆಗೆಟ್ಟು ದೋಣಿಗೆ ಬಣ್ಣ ಬಳಿದದ್ದು ನಿಮ್ಮ ಎರಡನೇ ಪುಟದಲ್ಲೇ ಇದೆಯಲ್ಲ, ವೈದ್ಯರು ಅದನ್ನೇ ಕೇಳಲಿ.

ತಿದ್ದಿ ಕಳಿಸಿ, ಮತ್ತೆ ನೋಡುತ್ತೇವೆ.

ಸಂಪಾದಕರು